ಪ್ಲಗಿನ್ ತಾರತಮ್ಯ

ಇಲಿ ಬೇಡ ಅಂದೆ ನಾನು,
ಮಣಿಕಟ್ಟಿನ ನೋವಿಗೆ ಪಟ್ಟಿ ಸುತ್ತಿಕೊಂಡೇ.
ಮೂಸಬ್ಬನ ಮಗ ಶಾಕಿರ್ ಮೌಸಿನ ವಯರು ಸುರುಳಿ ಮಾಡಿ
ಕಿಸೆಗೆ ಹಾಕಿದ. "ಇನ್ನು ಎಲ್ಲ ಕೀಲಿಯಲ್ಲೇ, ಬಾಯಿ.
ಕಲಿಯಲಿಕ್ಕೆ ತಿಂಗಳು ಬೇಕು. ಮತ್ತೆ ಬಿಡಲಿಕ್ಕೆ ಆಗುವುದಿಲ್ಲ."

ಕೊಡಿಯಾಲಬೈಲು, ಕೋರ್ಟಿನ ಎದುರಿನ ಮಹಡಿ,
ಕೆಳಗೆ ಜೆರಾಕ್ಸ್, ಪಕ್ಕದಲ್ಲಿ ನೋಟರಿ,
ನಡುವೆ ನಾನು, ಸೆವ್ರಿನ್ ಬಾಯಿ,
ಮೂವತ್ತೊಂದು ವರ್ಷದಿಂದ ಬೇರೆಯವರ ಜಾಗವನ್ನು
ಹತ್ತು ಬೆರಳಲ್ಲಿ ಪಾಲು ಮಾಡುವವಳು.

ಎಡಿಟರು ಬೋಳುಬೋಳು.
ಕಪ್ಪು ಪರದೆ, ಮಿನುಗುವ ಒಂದು ಕಡ್ಡಿ.
ಹೆಸರಾದ ಪ್ಲಗಿನ್ ಬೇಡ, ಎಂದ ಶಾಕಿರ್,
ಅವು ಎಲ್ಲ ಮಾಡುತ್ತವೆ, ಅದಕ್ಕೇ ಭಾರ.
ಯಾರೋ ತಮಗೆ ಬೇಕೆಂದು ಬರೆದು ಬಿಟ್ಟ
ಸಣ್ಣವನ್ನು ಹುಡುಕಿ ತಂದ.

ಒಂದು, ಹಾರುವುದು. ಎರಡಕ್ಷರ ಒತ್ತಿದರೆ ಅಲ್ಲಿಗೇ ಜಿಗಿತ,
ಸಿಟಿ ಬಸ್ಸಿನ ಕಂಡಕ್ಟರ್ ಮುಂದಿನ ಬಾಗಿಲಲ್ಲಿ ಇಳಿದು
"ರೈಟ್, ಪೋಯಿ" ಎನ್ನುತ್ತ ಹಿಂದಿನದಕ್ಕೆ ಹತ್ತಿದ ಹಾಗೆ.
ಇನ್ನೊಂದೂ ಹಾರುವುದೇ, ಆದರೆ ಮೊದಲು
ಪರದೆ ತುಂಬ ಗುರುತು ಚೆಲ್ಲಿ
ಎಲ್ಲಿಗೆ, ಎಲ್ಲಿಗೆ ಎಂದು ಕೇಳುತ್ತದೆ:
ಸ್ಟೇಟ್‌ಬ್ಯಾಂಕಿನ ರಿಕ್ಷಾದವ.
ನನಗೆ ಕಂಡಕ್ಟರೇ ಸಮ.

ಎರಡಕ್ಕೂ ಒತ್ತಕ್ಷರದ ಗುರುತಿಲ್ಲ.
'ಸ್ತ್ರೀ' ಎಂದು ನಾನು ಬರೆಯುವುದು ಒಂದಕ್ಷರ,
ಯಂತ್ರ ಆರು ಎಣಿಸುತ್ತದೆ.
ಅಳಿಸಹೋದರೆ ಮೊದಲು ದೀರ್ಘ,
ಮತ್ತೆ ರ, ಮತ್ತೆ ಕೊಂಡಿ, ಮತ್ತೆ ತ,
ಒಂದೇಟಿಗೆ ಹೋಗುವುದೇ ಇಲ್ಲ.
ಶಾಕಿರ್ ಅದನ್ನು ದೋಷ ಎಂದ.
ನಾನು ಏನೂ ಹೇಳಲಿಲ್ಲ.

ಸುತ್ತುವುದು ಒಂದುಂಟು,
ಪದದ ಆಚೀಚೆಯ ಆವರಣ ಬದಲಿಸಲಿಕ್ಕೆ,
ಮೂಡೆಯ ಎಲೆ ಬಿಚ್ಚಿ ಬೇರೆ ಎಲೆ ಕಟ್ಟಿದ ಹಾಗೆ,
ಒಳಗಿನ ಹಿಟ್ಟು ಅಲುಗದೆ.
ಚಂದ. ಆದರೆ ದಿನಕ್ಕೆ ಎಷ್ಟು ಮೂಡೆ?

ಸಾಲು ಹೊಂದಿಸುವುದು ಚೆಕ್ಕುಬಂದಿಗೆ ಹೇಳಿ ಮಾಡಿಸಿದ್ದು.
ಮೂಡಕ್ಕೆ ತೋಡು, ಪಡುವಕ್ಕೆ ದರೆ,
ತೆಂಕಕ್ಕೆ ಮಾರ್ಗ, ಬಡಗಕ್ಕೆ ಕುಮ್ಕಿ,
ನಾಲ್ಕೂ ನೂಲು ಹಿಡಿದ ಹಾಗೆ ನಿಂತವು.
ಜಾಗ ಹೀಗೇ ನೆಟ್ಟಗಿದ್ದರೆ
ಎದುರಿನ ಕಟ್ಟಡಕ್ಕೆ ಎಂತ ಕೆಲಸ ಮಾರಾಯ, ಎಂದೆ.

ಕೊನೆಯದು ಮರ.
ಬರೆದದ್ದು, ಅಳಿಸಿದ್ದು, ಹಿಂದೆ ಹೋಗಿ ಬೇರೆ ಬರೆದದ್ದು,
ಎಲ್ಲವೂ ಬದಿಯಲ್ಲಿ ಕೊಂಬೆ ಕೊಂಬೆಯಾಗಿ, ಗಂಟೆ ನಿಮಿಷ ಸಮೇತ.
ಬೇರೆ ಎಡಿಟರು ಹೊಸ ದಾರಿ ಹಿಡಿದರೆ ಹಳತನ್ನು ಮರೆಯುತ್ತವೆ.
ಇದು ಲೆಕ್ಕ ಇಟ್ಟುಕೊಂಡು ಕೂತಿರುತ್ತದೆ.
ಇಷ್ಟು ನೆನಪು ಯಾರಿಗೆ ಬೇಕು, ತೆಗೆ ಎಂದೆ.
ಅವಸರದಲ್ಲಿದ್ದ, ತೆಗೆಯದೆ ಹೋದ.

ಸೋಮವಾರ ದೂಮಣ್ಣ ಬಂದ, ಪಾಲುಪಟ್ಟಿಯ ಕರಡಿಗೆ.
ಐದು ಪಾಲು ನಾಲ್ಕಾಗಲಿ, ತಂಗಿ ಬೇಡ ಅಂದಿದ್ದಾಳೆ.
'ಅಕ್ಕು ಯಾನೆ ಅಕ್ಕಮ್ಮ' ಏಳು ಕಡೆ ಇದ್ದಳು.
ಒಂದೇ ಆಜ್ಞೆ. ಏಳೂ ಹೋದವು.
ಸೆಂಟ್ಸು ಪುನಃ ಕೂಡಿಸಿದೆ, ಚೆಕ್ಕುಬಂದಿ ಹೊಂದಿಸಿದೆ,
ಪುಟ ಮೊದಲಿಗಿಂತ ಚಂದ ಕಂಡಿತು.

ಗುರುವಾರ ಅಕ್ಕುವೇ ಮೆಟ್ಟಿಲು ಹತ್ತಿ ಬಂದಳು,
ಉಗುರಿನ ಸಂದಿಯಲ್ಲಿ ಬೀಡಿಯ ಹೊಗೆಸೊಪ್ಪು.
"ನಾನು ಬೇಡ ಅಂದದ್ದು ಬಾವಿಯ ಪಾಲು.
ಜಾಗ ಬೇಡ ಅಂತ ಯಾರು ಹೇಳಿದ್ದು?"
ಹಿಂದೆ ದೂಮಣ್ಣ ನೋಟರಿಯ ಬೋರ್ಡು ಓದುತ್ತಿದ್ದ,
ಮೊದಲ ಸಲ ನೋಡಿದವನ ಹಾಗೆ.

ಮರ ತೆರೆದೆ. ಸೋಮವಾರ, ಹನ್ನೊಂದು ನಲ್ವತ್ತು.
ಎಡಗಡೆ ಒಂದು ಕೊಂಬೆ.
ಇಳಿದೆ, ಒತ್ತಿದೆ.
ಏಳು ಸೆಂಟ್ಸು, ಒಂದು ಹಲಸಿನ ಮರ, ದಾರಿಯ ಹಕ್ಕು,
ಏಳು ಕಡೆಯೂ ಅವಳು,
ಬರುವಾಗ ಒಂದೇಟಿಗೆ ಬಂದಳು.
ಬಾವಿಯ ಸಾಲೊಂದನ್ನು ಕೈಯಾರೆ ತೆಗೆದೆ.

ಅವಳು ಪರದೆಯ ಹತ್ತಿರ ಬಗ್ಗಿ ನೋಡಿದಳು.
ತನ್ನ ಹೆಸರು ಓದಲು ಬರುತ್ತದೆ, ಅಷ್ಟು ಬರುತ್ತದೆ.
"ಇದಕ್ಕೆ ಎಷ್ಟು ಜಾಸ್ತಿ?"
ಜಾಸ್ತಿ ಇಲ್ಲ, ಪುಟಕ್ಕೆ ನಲ್ವತ್ತು ಎಂದೆ.
ದೂಮಣ್ಣ ಕಿಸೆಗೆ ಕೈ ಹಾಕಿದ. ಅವಳೇ ಕೊಟ್ಟಳು.

ಸಂಜೆ ಶಾಕಿರನ ಫೋನು.
ಎಡಿಟರು ತೆರೆಯುವುದು ನಿಧಾನ ಆಗಿದೆಯಾ ಬಾಯಿ,
ಯಾವುದಾದರೂ ಒಂದು ತೆಗೆಯುವನಾ?
ಮೂಡೆ ತೆಗೆ ಎಂದೆ. ರಿಕ್ಷಾ ಸಹ ಹೋಗಲಿ.
ಮರಕ್ಕೆ ಕೈ ಹಾಕಬೇಡ.
ಮತ್ತೆ ಆ ಮೌಸು,
ನನಗೆ ವಾಪಸು ತರಬೇಡ, ನಿನ್ನಲ್ಲೇ ಇರಲಿ.